ಟೈಲರಕ್ಕ ಎಳೆದ ಗಾಜಿನೆಳೆ

ಹದಿನಾಲ್ಕು ವರ್ಷ ಅವಳು ಮನೆಯ ಮುಂದಿನ ಕೋಣೆಯಲ್ಲಿ ಕೂತು ಬೀದಿಯವರ ಬಟ್ಟೆ ಹೊಲಿದಳು. ರೆಡಿಮೇಡ್ ಅಂಗಡಿಗಳು ಬಂದಮೇಲೆ ಅವಳ ಪಾಲಿಗೆ ಉಳಿದದ್ದು ಜಿಪ್ ಬದಲಿಸುವುದು, ಪ್ಯಾಂಟಿನ ಕಾಲು ಮಡಿಸುವುದು, ಅಷ್ಟೇ. ಹಳೆಯ ತಾಮ್ರದ ಫೋನ್ ತಂತಿಯ ಬದಲು ಗಾಜಿನ ಎಳೆಯಲ್ಲಿ ದೇಶದ ಮನೆಮನೆಗೂ ಇಂಟರ್ನೆಟ್ ಕೊಡುವ ಸರ್ಕಾರಿ ಯೋಜನೆ ಶುರುವಾದದ್ದು ಆ ಹೊತ್ತಿಗೇ. ಗುತ್ತಿಗೆದಾರರು ಎಲ್ಲೆಡೆ ಕೆಲಸಗಾರರನ್ನು ಹುಡುಕುತ್ತಿದ್ದರು. ಬಸ್ ಓಡಿಸುವ ಅವಳ ಗಂಡ, ನಿಲ್ದಾಣದ ಗೋಡೆಗೆ ಅಂಟಿಸಿದ್ದ ಕಾಗದವನ್ನೇ ಕಿತ್ತು ತಂದ.

“ನೋಡು, ‘ಸೂಕ್ಷ್ಮ ಕೈಕೆಲಸ ಬಲ್ಲವರು ಬೇಕು’ ಅಂತೆ. ನಿನ್ನನ್ನ ನೋಡ್ಕೊಂಡೇ ಬರೆದಂಗಿದೆ.”

“ನಲವತ್ತೆರಡು ವರ್ಷಕ್ಕೆ ಏಣಿ ಹತ್ತಲಾ?”

“ನಾನು ಕೆಳಗೆ ಹಿಡ್ಕೋತೀನಿ.”

ಒಳಗಿನಿಂದ ಅತ್ತೆ ಕೂಗಿ ಹೇಳಿದರು: “ಅವನು ಹಿಡ್ಕೊಂಡ್ರೆ ಬೀಳೋದು ಗ್ಯಾರಂಟಿ. ಅವನನ್ನ ಬಿಟ್ಟು ನೀನೊಬ್ಬಳೇ ಹೋಗಮ್ಮ, ಚೆನ್ನಾಗಿ ಮಾಡ್ತೀಯ.”

ತರಬೇತಿ ಆರು ವಾರ. ಕೂದಲೆಳೆಯಷ್ಟು ತೆಳುವಾದ ಗಾಜು. ಅದರ ಮೇಲಿನ ಪದರ ಸುಲಿದು, ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಯಂತ್ರದಲ್ಲಿಟ್ಟು ಇನ್ನೊಂದು ಎಳೆಗೆ ಬೆಸೆಯಬೇಕು. ಮಾತು ಚಿತ್ರ ಎಲ್ಲವೂ ಬೆಳಕಾಗಿ ಅದರೊಳಗೆ ಓಡುತ್ತವೆ. ಜೋಡಣೆ ಕೂದಲಷ್ಟು ತಪ್ಪಿದರೂ ಬೆಳಕು ಸೋರಿಹೋಗುತ್ತದೆ. ಉಳಿದವರು ಹತ್ತು ಹನ್ನೆರಡು ಸಲ ಮುರಿದು ಬೈಸಿಕೊಳ್ಳುತ್ತಿದ್ದಾಗ ಇವಳು ಎರಡನೆಯ ಸಲಕ್ಕೇ ಬೆಸೆದಳು. “ಮೊದಲು ಏನು ಮಾಡ್ತಿದ್ರಿ?” ಎಂದು ಕೇಳಿದ ಮೇಷ್ಟರು ಉತ್ತರ ಕೇಳಿ ನಕ್ಕರು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು ಟೈಲರಕ್ಕ.

ಎರಡನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಅವಳ ಕೈಗೆ ಬಂದ ಕೆಲಸದ ಚೀಟಿಯಲ್ಲಿ ಮೂರು ಬೇರೆ ಬೇರೆ ಕೈಬರಹದಲ್ಲಿ ಒಂದೇ ಮಾತಿತ್ತು: ಮನೆಯಲ್ಲಿ ಯಾರೂ ಇಲ್ಲ.

ಮನೆ ಒಂದು ಕಿರಿದಾದ ಬೀದಿಯ ಕೊನೆಯಲ್ಲಿತ್ತು. ಬೆಲ್ ಒತ್ತಿದಳು, ಬಾಗಿಲು ತಟ್ಟಿದಳು, ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಉತ್ತರವಿಲ್ಲ.

“ನಾಲ್ಕನೇ ಸಲ. ಬರೆದುಬಿಡಿ ಅಕ್ಕ, ಹೋಗೋಣ,” ಎಂದ ವ್ಯಾನಿನ ಡ್ರೈವರ್.

“ತಡಿ, ಒಳಗೆ ಫೋನಿನ ಬೆಳಕು ಕಾಣ್ತಿದೆ.”

ಕಿಟಕಿಗೆ ಮುಖ ಒತ್ತಿ ನೋಡಿದಳು. ಮೇಜಿನ ತುಂಬ ಹಳೆಯ ಪುಸ್ತಕಗಳು, ಅಂಟಿನ ಡಬ್ಬಿ, ಕಾಗದದ ಚೂರುಗಳು. ಐವತ್ತೈದು ದಾಟಿದ ಒಬ್ಬ ಮನುಷ್ಯ ಬಾಗಿಲಿಗೆ ಬೆನ್ನು ಹಾಕಿ ಪುಸ್ತಕವೊಂದರ ಬೆನ್ನು ಹೊಲಿಯುತ್ತಿದ್ದ. ಅವನ ಹಿಂದೆ ಸ್ಟೂಲಿನ ಮೇಲೆ ಫೋನ್ ಮಿನುಗುತ್ತಲೇ ಇತ್ತು; ಅವನು ತಲೆ ಎತ್ತಲಿಲ್ಲ. ಅವಳಿಗೆ ಥಟ್ಟನೆ ಹೊಳೆಯಿತು. ಟಾರ್ಚ್ ತೆಗೆದು ಅವನೆದುರಿನ ಗೋಡೆಗೆ ಬೆಳಕು ಬಿಟ್ಟು ಆಡಿಸಿದಳು. ಅವನು ಬೆಚ್ಚಿ ತಿರುಗಿದ, ಅವಳ ಅಂಗಿಯ ಮೇಲಿನ ಕಂಪನಿ ಗುರುತು ನೋಡಿದ, ಎದ್ದ ರಭಸಕ್ಕೆ ಕುರ್ಚಿಯೇ ಉರುಳಿತು.

ಬೆಲ್ ಒತ್ತಿದರೆ ಉರಿಯಬೇಕಿದ್ದ ಬಲ್ಬು ಸುಟ್ಟುಹೋಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನೊಂದು ಕಾಗದದಲ್ಲಿ ಬರೆದ: ‘ನನಗೆ ಕಿವಿ ಕೇಳಿಸುವುದಿಲ್ಲ. ಮೂರು ಸಲವೂ ನಾನು ಇಲ್ಲೇ ಇದ್ದೆ.’

ಟೈಲರಕ್ಕ ಆ ಕಾಗದವನ್ನು ತನ್ನತ್ತ ಎಳೆದುಕೊಂಡಳು. ‘ತಪ್ಪಾಯ್ತು ಅಣ್ಣ, ಇವತ್ತು ಮುಗಿಸಿಯೇ ಹೋಗ್ತೀನಿ,’ ಎಂದು ಕೆಳಗೆ ಬರೆದಳು.

ಬರೆದಷ್ಟು ಸುಲಭವಿರಲಿಲ್ಲ. ಫುಟ್‌ಪಾತಿನ ಗುಂಡಿಯಿಂದ ಮನೆಗೆ ಬರುವ ನೆಲದೊಳಗಿನ ಪೈಪು ನಡುವೆ ಬಾಗಿತ್ತು. ಕೇಬಲ್ ಎಳೆದುಕೊಳ್ಳಲು ತೂರಿಸಿದ ಬಿರುಸು ಕಡ್ಡಿ ಅಲ್ಲೇ ತಡೆದು ನಿಂತಿತು. ಫೋನಿನಲ್ಲಿ ಸೂಪರ್‌ವೈಸರ್ ಹೇಳಿದ: “ಅಗೀಬೇಕು. ಅನುಮತಿ ಬರೋಕೆ ಮೂರು ತಿಂಗಳು. ಬಿಟ್ಟು ಬನ್ನಿ.”

ಅವಳು ಬಿಟ್ಟು ಬರಲಿಲ್ಲ. ಕಡ್ಡಿ ಬಾಗದಿದ್ದರೆ ದಾರ ಬಾಗುತ್ತದೆ. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಬೈಂಡರ್ ಕಾಗದದ ಚೂರು ಹೀರಲು ಇಟ್ಟುಕೊಂಡಿದ್ದ ವ್ಯಾಕ್ಯೂಮ್ ಕ್ಲೀನರ್ ಮೂಲೆಯಲ್ಲಿ ಕಂಡಿತು. ಅವನ ಹೊಲಿಗೆಯ ಮೇಣದ ದಾರಕ್ಕೆ ಪ್ಲಾಸ್ಟಿಕ್ ಚೀಲದ ತುಂಡೊಂದನ್ನು ಕಟ್ಟಿ ಹೊರಗಿನ ತುದಿಯಲ್ಲಿ ಪೈಪಿಗೆ ಬಿಟ್ಟಳು; ಒಳಗಿನ ತುದಿಗೆ ಯಂತ್ರದ ಮೂತಿ ಒತ್ತಿಹಿಡಿದು ಅವನು ಹೀರಿಸಬೇಕು. ಮೊದಲ ಸಲ ಚೀಲ ಸಿಕ್ಕಿಕೊಂಡಿತು. ಎರಡನೆಯ ಸಲ ಅದನ್ನು ಅರ್ಧಕ್ಕೆ ಕತ್ತರಿಸಿ ಬಿಟ್ಟಳು. ದಾರ ಸರಸರನೆ ಒಳಗೆ ಓಡಿತು. ಅದಕ್ಕೆ ಹಗ್ಗ, ಹಗ್ಗಕ್ಕೆ ಕೇಬಲ್.

ಅವಳು ಬೀದಿಯಲ್ಲಿ, ಅವನು ಹಿಂದಿನ ಕೋಣೆಯಲ್ಲಿ. ಬೇರೆ ಮನೆಯಾಗಿದ್ದರೆ “ಎಳೀರಿ!”, “ನಿಲ್ಸಿ!” ಎಂದು ಗಂಟಲು ಹರಿದುಕೊಳ್ಳಬೇಕಿತ್ತು. ಇಲ್ಲಿ ಕಾಗದದ ಮೇಲೆ ಮೊದಲೇ ಒಪ್ಪಂದವಾಗಿತ್ತು: ಹಗ್ಗವನ್ನು ಎರಡು ಸಲ ಜಗ್ಗಿದರೆ ಎಳಿ, ಒಂದು ಸಲ ಜಗ್ಗಿದರೆ ನಿಲ್ಲಿಸು. ಒಂದೂ ತಪ್ಪಲಿಲ್ಲ. “ಇಷ್ಟು ಸದ್ದಿಲ್ಲದೆ ಕೇಬಲ್ ಎಳೆದದ್ದು ನಾನು ನೋಡೇ ಇಲ್ಲ,” ಎಂದ ಡ್ರೈವರ್.

ಊಟದ ಹೊತ್ತಿಗೆ ಎಳೆಯ ಒಂದು ತುದಿ ಬೀದಿಯ ಪೆಟ್ಟಿಗೆಯಲ್ಲಿ, ಇನ್ನೊಂದು ಅವನ ಗೋಡೆಯಲ್ಲಿ ಬೆಸೆದುಕೊಂಡಿತು. ಗೋಡೆಗೆ ಕೂರಿಸಿದ ಇಂಟರ್ನೆಟ್ ಡಬ್ಬಿಯ ಮೇಲೆ ಹಸಿರು ದೀಪಗಳು ಹತ್ತಿದವು. ಬೈಂಡರ್ ಕೈ ಒರೆಸಿಕೊಂಡು ಟ್ಯಾಬ್ ತೆರೆದ. ಪರದೆಯಲ್ಲಿ ಅವನದೇ ಮುಖದ, ಇನ್ನಷ್ಟು ನರೆತ ಒಬ್ಬರು ಕಂಡರು. ದೂರದ ಊರಿನಲ್ಲಿದ್ದ ಅಣ್ಣ. ಅವರಿಗೂ ಕಿವಿ ಕೇಳಿಸದು. ಅಣ್ಣತಮ್ಮಂದಿರ ಕೈಗಳು ಮಾತಿಗೆ ಬಿದ್ದವು.

ತಾಮ್ರದ ತಂತಿಯಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು, ಕೈ ಅರ್ಧದಲ್ಲೇ ಕಲ್ಲಾಗುತ್ತಿತ್ತು ಎಂದು ಆಮೇಲೆ ಬರೆದು ತೋರಿಸಿದ ಬೈಂಡರ್. ಒಮ್ಮೆ ಅಣ್ಣ ‘ಬರಬೇಡ’ ಎಂದದ್ದರಲ್ಲಿ ‘ಬಾ’ ಮಾತ್ರ ಕಂಡು, ಇವನು ಇಡೀ ದಿನ ರೈಲಿನಲ್ಲಿ ಹೋಗಿ ಬೀಗ ಹಾಕಿದ ಬಾಗಿಲು ನೋಡಿ ಬಂದಿದ್ದನಂತೆ.

ಆವತ್ತು ಯಾವ ಕೈಯೂ ಕಲ್ಲಾಗಲಿಲ್ಲ. ಬೆರಳುಗಳು ಎಷ್ಟು ವೇಗವಾಗಿ ಹೋದವೆಂದರೆ ಅಣ್ಣ ನಗುತ್ತಾ ‘ನಿಧಾನ, ನಿಧಾನ’ ಎಂದು ಅಂಗೈ ಆಡಿಸಿದರು. ಹಿಂದೆ ನಿಂತಿದ್ದ ಹೆಂಗಸು ಯಾರೆಂದು ಕೇಳಿದರು. ಬೈಂಡರ್ ಒಂದು ಕ್ಷಣ ಯೋಚಿಸಿ, ಮುಷ್ಟಿ ಕಟ್ಟಿ ಗಾಳಿಯಲ್ಲಿ ಎರಡು ಸಲ ಜಗ್ಗಿ ತೋರಿಸಿದ. ಅದು ಅವಳಿಗಿಟ್ಟ ಹೆಸರು. ಟೈಲರಕ್ಕನ ಮುಖ ಊರಗಲವಾಯಿತು. ಕಣ್ಣು ಮಾತ್ರ ಯಾಕೋ ಮಂಜಾಯಿತು.

ಮಧ್ಯಾಹ್ನ ಕಚೇರಿಗೆ ಹೋದವಳೇ ಸೂಪರ್‌ವೈಸರ್ ಮುಂದೆ ಕೂತಳು. “ಸಾರ್, ‘ಯಾರೂ ಇಲ್ಲ’ ಅಂತ ಬರೆದಿರೋ ಚೀಟಿಗಳು ಎಷ್ಟಿವೆ?”

“ಹನ್ನೊಂದು. ಯಾಕಮ್ಮ?”

“ನನಗೆ ಕೊಡಿ.”

ಒಂದು ಮನೆ ನಿಜವಾಗಿಯೂ ಖಾಲಿಯಿತ್ತು. ಇನ್ನೊಂದರಲ್ಲಿ ಮಂಡಿನೋವಿನ ಅಜ್ಜಿ ಎರಡನೆಯ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ವ್ಯಾನ್ ಹೊರಟುಹೋಗುತ್ತಿತ್ತು. ಮತ್ತೊಂದರಲ್ಲಿ ದಂಪತಿ ಇಬ್ಬರೂ ರಾತ್ರಿಪಾಳಿ ಮುಗಿಸಿ ಹಗಲು ಗಾಢವಾಗಿ ಮಲಗುತ್ತಿದ್ದರು. ಹೀಗೆ ಒಂದೊಂದಕ್ಕೂ ಒಂದೊಂದು ಕಥೆ. ಎರಡು ವಾರದಲ್ಲಿ ಒಂಬತ್ತು ಮನೆ ಮುಗಿಸಿದಳು. ಸಂಪರ್ಕದ ಅರ್ಜಿಯಲ್ಲಿ ‘ಬಾಗಿಲಿಗೆ ಬಂದಾಗ ನಿಮ್ಮನ್ನು ಕರೆಯುವುದು ಹೇಗೆ?’ ಎಂಬ ಸಾಲೊಂದನ್ನು ಸೇರಿಸುವವರೆಗೆ ಸೂಪರ್‌ವೈಸರ್‌ನ ಬೆನ್ನು ಬಿಡಲಿಲ್ಲ.

ಈಗ ಅವಳು ಹೊಸಬರಿಗೆ ಪಾಠ ಹೇಳುತ್ತಾಳೆ. ಬೆಸೆಯುವುದನ್ನು ಕಲಿಸುವ ಮೊದಲು ಒಂದು ಮನೆಯ ಮುಂದೆ ನಿಲ್ಲಿಸಿ, “ಬೆಲ್ ಒತ್ತಿದ ಮೇಲೆ ನೂರು ಎಣಿಸ್ರಪ್ಪ,” ಎನ್ನುತ್ತಾಳೆ. ಅವರು ಗೊಣಗುತ್ತಾ ಎಣಿಸುತ್ತಾರೆ.