ಪರೀಕ್ಷೆ ಬರೆಯುವ ‘ನಾವು’

ವಿಲೆ ಪಾರ್ಲೆಯ ಶಾಲೆಯೊಂದರಲ್ಲಿ ನಾನು ಕೌನ್ಸೆಲರ್. ಹನ್ನೆರಡನೆಯ ತರಗತಿಯ ಮಕ್ಕಳಿಗೆ ಮುಂದೆ ಯಾವ ಕಾಲೇಜು, ಯಾವ ಕೋರ್ಸು ಎಂದು ದಾರಿ ತೋರಿಸುವುದು ನನ್ನ ಕೆಲಸ. ಆದರೆ ಆ ಮಕ್ಕಳ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ.

ಮೊನ್ನೆ ಜೋಗೇಶ್ವರಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರೊಬ್ಬರು ಮಗಳನ್ನು ಕರೆತಂದರು. ‘ಏನು ಓದ್ಬೇಕು ಅಂತಿದ್ದೀಯಮ್ಮಾ?’ ಎಂದು ನಾನು ಹುಡುಗಿಯನ್ನು ಕೇಳಿದರೆ ಉತ್ತರ ಬಂದದ್ದು ಅಪ್ಪನಿಂದ.

‘ನಾವು ಎಂಜಿನಿಯರಿಂಗ್ ಮಾಡುವುದು ಮ್ಯಾಡಂ.’

‘ಫಿಸಿಕ್ಸ್ ಇಷ್ಟನಾ?’ ಮತ್ತೆ ಅವಳನ್ನೇ ಕೇಳಿದೆ.

‘ಇಷ್ಟ ಉಂಟು. ಮ್ಯಾತ್ಸ್ ಮಾತ್ರ ನಮಗೆ ಸ್ವಲ್ಪ ವೀಕ್. ಟ್ಯೂಶನ್ ಕ್ಲಾಸಿಗೆ ಹೋಗ್ತಾ ಇದ್ದೇವೆ,’ ಎಂದರು ಮತ್ತೆ ಅಪ್ಪನೇ.

ನನಗೆ ಪಿತ್ತ ನೆತ್ತಿಗೇರಿತು. ‘ಪರೀಕ್ಷೆ ಬರೆಯೋದು ಯಾರು? ನೀವಾ, ಅವಳಾ?’

‘ಎಂತ ಮ್ಯಾಡಂ, ನಮ್ಮ ಮಗುವೇ ಅಲ್ವಾ!’ ಎಂದು ಅವರು ನಕ್ಕರು.

ನಮ್ಮ ಕ್ಯಾಂಟೀನಿನ ಚಹಾ ಹೇಗಿದೆ ನೋಡಿ ಬನ್ನಿ ಎಂದು ಆ ಹೋಟೆಲಿನವರನ್ನು ಹೊರಗೆ ಸಾಗಹಾಕಿ, ಬಾಗಿಲು ಮುಚ್ಚಿದೆ.

‘ಈಗ ಹೇಳು. ನಿನಗೆ, ನಿನಗೊಬ್ಬಳಿಗೆ, ಏನಿಷ್ಟ?’

ಹುಡುಗಿ ಮುಚ್ಚಿದ ಬಾಗಿಲಿನತ್ತ ನೋಡಿದಳು.

‘ನಮಗೆ ಅದು ಗೊತ್ತಿಲ್ಲ ಮ್ಯಾಡಂ,’ ಎಂದಳು.