ಹುಡಿ ಮಿಷನ್ನಿಗೆ ನಾನು ಮಾಡಿದ ರಿಮೋಟು

ಅಂಗಳದಲ್ಲಿ ನಿಂತು “ಹ್ವಾಯ್, ಯಾರಿದ್ರಿ ಒಳ್ಗೆ?” ಎಂದು ಕರೆದರೆ ಯಾವ ಮನೆಯ ಬಾಗಿಲಾದರೂ ತೆರೆಯುತ್ತಿದ್ದ ದಿನಗಳವು. ಕೋಟೇಶ್ವರದ ನಮ್ಮ ಕೇರಿಯಲ್ಲಿ ಕಾಲಿಂಗ್ ಬೆಲ್ ಇದ್ದ ಮನೆ ಒಂದೂ ಇರಲಿಲ್ಲ. ಮೊಬೈಲು ಬಂದಿತ್ತು, ಆದರೆ ಅದಕ್ಕಿನ್ನೂ ಗುಂಡಿಗಳಿದ್ದವು. ನಾನು ಎಂಟನೆಯ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ. ಓರಗೆಯ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರೆ ನಾನು ಯಾರದೋ ಕೆಟ್ಟ ರೇಡಿಯೋ ಬಿಚ್ಚಿಕೊಂಡು ಕೂತಿರುತ್ತಿದ್ದೆ. ಬಿಚ್ಚುವುದು ಚೆನ್ನಾಗಿ ಬರುತ್ತಿತ್ತು, ಜೋಡಿಸುವುದು ಅರ್ಧಂಬರ್ಧ. ಸೊಕ್ಕು ಮಾತ್ರ ಪೂರ್ತಿ ಇತ್ತು.

ಅಪ್ಪಯ್ಯ ಮರದ ಕೆಲಸದವರು. ಮನೆಯ ಪಕ್ಕದ ಶೆಡ್ಡೇ ಅವರ ಕಾರ್ಖಾನೆ. ಹಲಸಿನ ಹಲಗೆ ಕೊಯ್ದ ದಿನ ಅವರ ರೆಪ್ಪೆ, ಮೀಸೆ, ಚಾದ ಲೋಟ ಎಲ್ಲವೂ ಹಳದಿ. ಆ ಮರದ ಹುಡಿಯ ಸಿಹಿ ವಾಸನೆ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ರಂದ ಹೊಡೆದು ನುಣುಪು ಮಾಡಿದ ಮೇಲೆ ಅವರು ಕಣ್ಣು ಮುಚ್ಚಿ, ಬಲಗೈಯ ನಡುವಿನ ಎರಡು ಬೆರಳನ್ನು ಹಲಗೆಯ ಮೇಲೆ ಮೆಲ್ಲಗೆ ಎಳೆದು ಎಲ್ಲಿ ಒರಟಿದೆ ಎಂದು ಹೇಳುತ್ತಿದ್ದರು. ನಾನು ಹತ್ತಿರ ನಿಂತಿದ್ದರೆ ಅದೇ ಎರಡು ಬೆರಳು ನನ್ನ ಕೆನ್ನೆಗೆ ಬರುತ್ತಿದ್ದವು. “ಇಲ್ಲಿ ಇನ್ನೊಂದ್ ಸಲ ರಂದ ಹೊಡೀಕ್” ಎಂದು ನಗದೆ ಹೇಳುತ್ತಿದ್ದರು. ನಾನು ಸಿಟ್ಟು ಬಂದವಳಂತೆ ಕೆನ್ನೆ ಒರೆಸಿಕೊಳ್ಳುತ್ತಿದ್ದೆ.

ಆ ಹುಡಿ ಅವರ ಎದೆಯಲ್ಲೂ ಕೂತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು. ಅಮ್ಮನ ಕಾಟ ತಡೆಯಲಾರದೆ ಹುಡಿ ಎಳೆಯುವ ಮಿಷನ್ ಒಂದನ್ನು ತಂದರು. ದೊಡ್ಡ ಮೋಟರು, ತಗಡಿನ ಡಬ್ಬದೊಳಗೆ ತಿರುಗುವ ಕಬ್ಬಿಣದ ರೆಕ್ಕೆ, ಒಂದು ಕಡೆ ಪೈಪು, ಇನ್ನೊಂದು ಕಡೆ ಹುಡಿ ತುಂಬುವ ಬಟ್ಟೆಯ ಚೀಲ. ಆದರೆ ಅದರ ಸ್ವಿಚ್ಚು ಶೆಡ್ಡಿನ ಆಚೆ ತುದಿಯಲ್ಲಿ, ಹಲಗೆಗಳ ರಾಶಿಯ ಹಿಂದೆ ಇತ್ತು. “ಒಂದ್ ಹಲ್ಗಿ ಕೊಯ್ಯುಕೆ ಅಲ್ಲಿಗ್ ಎಂತಕೆ ಹೋಪ್ದ್” ಎಂದು ಅಪ್ಪಯ್ಯ ಅದನ್ನು ಹಾಕದೆಯೇ ಕೊಯ್ಯುತ್ತಿದ್ದರು. ಕೆಮ್ಮು ಹಾಗೇ ಉಳಿಯಿತು. ನನಗೆ ರೇಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಸುಮತಿಯಕ್ಕನ ಗಂಡ ಮುಂಬಯಿಯಿಂದ ಬರುವಾಗ ವಯರಿಲ್ಲದ ಕಾಲಿಂಗ್ ಬೆಲ್ ಎರಡು ತಂದರು. ಎರಡೂ ಒಂದೇ ತರದವು. ಒಂದನ್ನು ನಮಗೆ ಕೊಟ್ಟರು. ಅವರದು ಪೆಟ್ಟಿಗೆಯಲ್ಲೇ ಉಳಿಯಿತು. ನಮ್ಮದನ್ನು ನಾನು ಅದೇ ದಿನ ಬಿಚ್ಚಿದೆ. ಪೇಟೆಯಲ್ಲಿ ಟಿ.ವಿ. ರಿಪೇರಿ ಮಾಡುವವರನ್ನು ಕಾಡಿ ಬೇಡಿ, ದೊಡ್ಡ ಮೋಟರಿಗೆ ತಡೆಯುವ, ತಾನೇ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇ ಒಂದನ್ನು ತಂದೆ. ಬೆಲ್ಲಿನ ಗುಂಡಿ ಒತ್ತಿದರೆ ಗಂಟೆ ಬಡಿಯುವ ಬದಲು ಹುಡಿ ಮಿಷನ್ ಹೊರಡುವಂತೆ ಮಾಡಿದೆ. ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್.

ಅಪ್ಪಯ್ಯ ಹತ್ತು ಸಲ ಒತ್ತಿ ನೋಡಿದರು. “ನನ್ ಮಗ್ಳ್ ಮಾಡಿದ್ದ್” ಎಂದು ಬಂದವರಿಗೆಲ್ಲ ತೋರಿಸಿದರು. ಸಂಜೆ ಪೇಟೆಯಿಂದ ನನಗೆಂದೇ ಬಿಸಿ ಗೋಳಿಬಜೆ ತಂದರು. ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪಯ್ಯನದೇ ಒಂದು ಕ್ರಮವಿತ್ತು. ಯಾವ ಮಿಷನ್ನಿನೊಳಗೆ ಕೈ ಹಾಕುವ ಮುಂಚೆಯೂ ಅದರ ಫ್ಯೂಸ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುವುದು. “ಫ್ಯೂಸ್ ನನ್ ಕಿಸಿಯಗೆ ಇದ್ರೆ ಯಾರ್ ಬಂದ್ ಒತ್ತಿರೂ ತಿರ್ಗುದಿಲ್ಲ” ಎನ್ನುತ್ತಿದ್ದರು. ರಿಮೋಟು ಬಂದ ಮೇಲೆ ಆ ಕಿಸೆಯಲ್ಲಿ ರಿಮೋಟು ಕೂತಿತು, ಫ್ಯೂಸು ಬೋರ್ಡಿನಲ್ಲೇ ಉಳಿಯತೊಡಗಿತು. ನಾನು ಅದನ್ನು ಗಮನಿಸಿದ್ದೆ. ನನ್ನ ಕೆಲಸಕ್ಕೆ ಸಿಕ್ಕ ಮರ್ಯಾದೆ ಎಂದು ಹಿಗ್ಗಿಯೂ ಇದ್ದೆ.

ಶಾಲೆ ಶುರುವಾಗಲು ಇನ್ನು ಸ್ವಲ್ಪವೇ ದಿನ ಇದ್ದಾಗ ಒಂದು ಬೆಳಿಗ್ಗೆ ಅಮ್ಮ ಸುಮತಿಯಕ್ಕನಿಗೆ ಕೊಟ್ಟು ಬಾ ಎಂದು ಹಲಸಿನ ಹಪ್ಪಳ ಕೊಟ್ಟು ಕಳಿಸಿದಳು. ಹೋಗಿ ನೋಡಿದರೆ ಅವರ ಬಾಗಿಲ ಪಕ್ಕದಲ್ಲಿ ಬಿಳಿಯ ಗುಂಡಿ. ಪೆಟ್ಟಿಗೆಯಲ್ಲಿದ್ದ ಬೆಲ್ಲನ್ನು ಅಂದೇ ಹಾಕಿಸಿದ್ದರು. ಕೂಗಿ ಕರೆಯಬಹುದಿತ್ತು, ದಿನವೂ ಹಾಗೆಯೇ ಕರೆಯುತ್ತಿದ್ದೆ. ಹೊಸ ಗುಂಡಿ ಕಂಡು ಕೈ ಸುಮ್ಮನಿರಲಿಲ್ಲ. ಒತ್ತಿದೆ.

ಒಳಗೆ ಗಂಟೆ ಬಡಿಯಿತು. ಅದೇ ಗಳಿಗೆಯಲ್ಲಿ ನಮ್ಮ ಶೆಡ್ಡಿನಿಂದ ಹುಡಿ ಮಿಷನ್ ಗುಂಯ್ ಎಂದಿತು.

ಅಪ್ಪಯ್ಯ ಕೆಲಸ ಶುರು ಮಾಡಿದರು ಎಂದುಕೊಂಡೆ. ಮರುಕ್ಷಣ ಆ ಸದ್ದಿನ ನಡುವೆ ಟಪ್ ಎಂದು ಏನೋ ಬಡಿದದ್ದು ಕೇಳಿತು. ಆಮೇಲೆ ಅಪ್ಪಯ್ಯನ ದನಿ, ಒಂದೇ ಸಲ. ಅಂಥ ದನಿಯನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ನನ್ನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಒಂದೇ ತರದ ಎರಡು ಬೆಲ್. ಇದರ ಗುಂಡಿಗೂ ಆ ಮಿಷನ್ ಓಗೊಡುತ್ತದೆ. ಅದು ತಲೆಗೆ ಹೊಳೆದ ಕೂಡಲೇ ಮತ್ತೊಮ್ಮೆ ಒತ್ತಿದೆ. ಮಿಷನ್ ನಿಂತಿತು.

ಸುಮತಿಯಕ್ಕ ಬಾಗಿಲು ತೆರೆದು ನಕ್ಕರು. “ಎಂತಕೆ ಹೆಣೆ, ಎರ್ಡೆರ್ಡ್ ಸಲ ಒತ್ತುದ್?”

ಹಪ್ಪಳ ಅಲ್ಲೇ ಬಿಟ್ಟು ಓಡಿದೆ. ಅಪ್ಪಯ್ಯ ಶೆಡ್ಡಿನ ನೆಲದಲ್ಲಿ ಕೂತಿದ್ದರು. ಮರದ ಚೂರೊಂದು ರೆಕ್ಕೆಗೆ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯಲು ಪೈಪು ಕಳಚಿ ಒಳಗೆ ಕೈ ಹಾಕಿದ್ದರು. ಬಲಗೈಗೆ ಸುತ್ತಿದ ಹೆಗಲ ಬೈರಾಸು ಕೆಂಪಾಗಿತ್ತು. ಎಡಗೈಯಲ್ಲಿ ಕಿಸೆಯಿಂದ ರಿಮೋಟು ತೆಗೆದು ನನಗೆ ತೋರಿಸಿದರು. “ಕಾಣ್ ಮಗಾ, ಇದ್ ನನ್ ಕಿಸಿಯಗೇ ಇದ್ದಿತ್ತ್. ನಾನ್ ಒತ್ತಲಿಲ್ಲ.” ಮಿಷನ್ ಹೇಗೆ ಹೊರಟಿತೆಂದು ಅವರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ಕುಂದಾಪುರದ ಆಸ್ಪತ್ರೆಯಲ್ಲಿ ಎರಡು ಬೆರಳ ತುದಿ ತೆಗೆದರು. ಅದೇ ನಡುವಿನ ಎರಡು. ಮರುದಿನ ಅಮ್ಮ ಗಂಜಿ ತರಲು ಹೊರಗೆ ಹೋದಾಗ ಹೇಳಿಬಿಟ್ಟೆ. “ಅಪ್ಪಯ್ಯ, ಒತ್ತಿದ್ದ್ ನಾನ್. ಸುಮತಿಯಕ್ಕನ ಮನಿ ಬೆಲ್.”

ಬೈಯಲಿ ಎಂದು ನಾನು ಕಾಯುತ್ತಿದ್ದೆ. “ನಿನ್ ರಿಮೋಟ್ ನಂಗೆ ಫ್ಯೂಸ್ ತೆಗಿಬೇಡ ಅಂದಿತಾ?” ಎಂದು ಕೇಳಿದರು. “ಫ್ಯೂಸ್ ತೆಗಿದೇ ಕೈ ಹಾಕಿದ್ದ್ ನಾನ್. ಸುಮತಿಗ್ ಮಾತ್ರ ಹೇಳ್ಬೇಡ. ಕೇಂಡ್ರೆ ಅವ್ಳ್ ಊಟ ಬಿಡ್ತ್ಲ್.”

ಮನೆಗೆ ಬಂದ ದಿನವೇ ನಾನು ಆ ರಿಲೇಯನ್ನು ಕಿತ್ತು ಹಾಕಿದೆ. ಅಪ್ಪಯ್ಯ ತಡೆಯಲಿಲ್ಲ. ಗಾಯ ಮಾಗಿದ ಮೇಲೆ ಒಂದೊಂದು ಹಲಗೆಗೂ ಶೆಡ್ಡಿನ ಆಚೆ ತುದಿಯವರೆಗೆ ನಡೆದು ಹೋಗಿ ಸ್ವಿಚ್ ಹಾಕುತ್ತಿದ್ದರು. ಒರಟು ನೋಡಲು ನನ್ನನ್ನು ಕರೆಯುತ್ತಿದ್ದರು. “ಮುಟ್ಟಿ ಕಾಣ್ ಮಗಾ, ನುಣ್ಣಗ್ ಆಯ್ತಾ?” ನಾನು ಮುಟ್ಟಿ ಹೇಳುತ್ತಿದ್ದೆ. ನನ್ನ ಕೆನ್ನೆಯ ಹತ್ತಿರ ಮಾತ್ರ ಆ ಕೈ ಮತ್ತೆ ಬರಲಿಲ್ಲ.

ಈಗ ನಾನು ಹುಡುಗ ಹುಡುಗಿಯರಿಗೆ ವಯರಿಂಗ್ ಕಲಿಸುತ್ತೇನೆ. ಫ್ಯೂಸ್ ಕಿಸೆಗೆ ಹೋಗದೆ ಯಾರೂ ಬೋರ್ಡು ಮುಟ್ಟುವಂತಿಲ್ಲ. ನಮ್ಮ ಕೇರಿಯಲ್ಲಿ ಎಲ್ಲ ಮನೆಗೂ ಬೆಲ್ ಬಂದಿದೆ. ನಾನು ಇಂದಿಗೂ ಅಂಗಳದಲ್ಲಿ ನಿಂತು ಕೂಗಿಯೇ ಕರೆಯುವುದು. ಇವಳೆಂಥ ಹಳೇಕಾಲದವಳು ಎಂದು ಸುಮತಿಯಕ್ಕ ನಗುತ್ತಾರೆ. ಅವರಿಗೆ ಇನ್ನೂ ಗೊತ್ತಿಲ್ಲ.

ಮೊನ್ನೆ ಅಪ್ಪಯ್ಯ ನನ್ನ ನಾಲ್ಕು ವರ್ಷದ ಮಗಳನ್ನು ಹತ್ತಿರ ಕರೆದರು. ಅವಳ ಕೆನ್ನೆಯ ಮೇಲೆ ಎರಡು ಬೆರಳು ಎಳೆದು, “ಇಲ್ಲಿ ಇನ್ನೊಂದ್ ಸಲ ರಂದ ಹೊಡೀಕ್” ಎಂದರು. ಮಗು ಕಿಲಕಿಲ ನಕ್ಕು ಇನ್ನೊಂದು ಕೆನ್ನೆಯನ್ನೂ ಕೊಟ್ಟಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪಯ್ಯ ಮುಟ್ಟಿದ್ದು ಎಡಗೈಯಲ್ಲಿ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.