ಗಂಜಿಯ ರುಚಿ ಹತ್ತಿದ ಕುನ್ನಿ

ಆ ಕುನ್ನಿಯನ್ನು ನಾನೇ ಹಟ ಹಿಡಿದು ತಂದೆ ಎಂದು ನಮ್ಮ ಓಣಿಯವರು ಇಂದಿಗೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅದನ್ನು ನನ್ನದು ಎಂದು ಮೊದಲು ಹೇಳಿದವನು ಬಸ್ಸಿನ ಕಂಡಕ್ಟರ್. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನೇಸರಗಿಯ ಒಕ್ಕಲುತನದ ಮನೆಯವಳು. ಮದುವೆಯಾಗಿ ರಾಮದುರ್ಗಕ್ಕೆ, ನೇಕಾರರ ಮನೆಗೆ ಬಂದಿದ್ದೆ. ಪಂಚಮಿಗೆ ತವರಿಗೆ ಹೋದವಳನ್ನು ಕರೆದೊಯ್ಯಲು ಗಂಡ ಬಂದಿದ್ದರು. ಬೈಲಹೊಂಗಲದಲ್ಲಿ ಒಂದು ಬಸ್ಸು ಬದಲಿಸಿ, ಸವದತ್ತಿಯಲ್ಲಿ ಇನ್ನೊಂದಕ್ಕಾಗಿ ಕಾಯುತ್ತ ಕುಳಿತಿದ್ದೆವು.

ಬುತ್ತಿ ಬಿಚ್ಚಿದ ಕೂಡಲೇ ಅದು ಎದುರು ಬಂದು ನಿಂತಿತು. ಮೂತಿ ಮುಧೋಳದ ಬೇಟೆ ನಾಯಿಯ ಹಾಗೆ ಉದ್ದ, ಚೂಪು. ಕಾಲು ಮಾತ್ರ ಯಾವ ಸಾಹೇಬರ ಮನೆಯ ಯಾವ ಗಿಡ್ಡ ನಾಯಿಯಿಂದ ಬಂದವೋ, ಗೇಣುದ್ದವೂ ಇರಲಿಲ್ಲ. ಮುಂದಿನಿಂದ ನೋಡಿದವರು ಹೆದರಬೇಕು, ಪಕ್ಕದಿಂದ ನೋಡಿದವರು ನಗಬೇಕು, ಹಾಗಿತ್ತು ಅದರ ಅವತಾರ. ಮೈಮೇಲೆ ಅಲ್ಲಲ್ಲಿ ಕೂದಲು ಉದುರಿ ಕಜ್ಜಿ ಎದ್ದಿತ್ತು. ನಾನು ಒಂದು ಎಳ್ಳುಂಡಿ ಮುರಿದು ಹಾಕಿದೆ. ಅದು ಮೂಸಿ ನೋಡಿ ಬಿಟ್ಟುಬಿಟ್ಟಿತು. ಹೊಟ್ಟೆ ಬೆನ್ನಿಗೆ ಹತ್ತಿದ ನಾಯಿ ನನ್ನ ತವರಿನ ಉಂಡಿಯನ್ನು ಬೇಡ ಅಂದದ್ದು ನನಗೆ ಸಿಟ್ಟೇ ತರಿಸಿತು.

ಬಸ್ಸು ಬಂದು ನಾವು ಹತ್ತಿ ಕುಳಿತ ಮೇಲೆ ನೋಡಿದರೆ ಅದೂ ಹತ್ತಿದೆ. ಆ ಕಾಲಿನಲ್ಲಿ ಅಷ್ಟು ಎತ್ತರದ ಪಾವಟಿಗೆಗಳನ್ನು ಹೇಗೆ ಏರಿತೋ ದೇವರೇ ಬಲ್ಲ.

"ತಂಗಿ, ನಿನ್ನ ಕುನ್ನಿ ಬಾಗಲದಾಗ ಮಲಗೇತಿ ನೋಡು. ಸೀಟಿನ ಬುಡಕ ಎಳಕೋ, ಮಂದಿ ತುಳದಾರು" ಎಂದ ಕಂಡಕ್ಟರ್.

ನಮ್ಮದಲ್ಲ ಎನ್ನಲು ಗಂಡ ಬಾಯಿ ತೆರೆಯುವಷ್ಟರಲ್ಲಿ ನಾನು ಅದನ್ನು ಎಳೆದುಕೊಂಡಾಗಿತ್ತು. ಉಂಡಿ ಬೇಡ ಅಂದದ್ದು ನನ್ನನ್ನು ಬೇಡ ಅನ್ನಲಿಲ್ಲವಲ್ಲ ಎಂಬ ಒಂದು ಸಮಾಧಾನ ಆಗ ನನಗೆ ಆದದ್ದು ಖರೆ.

ಮನೆಯ ಹೊಸ್ತಿಲಲ್ಲೇ ಅತ್ತೆ ತಡೆದು ನಿಲ್ಲಿಸಿದರು.

"ಏನಿದು?"

"ಕುನ್ನಿ ರೀ."

"ಕುನ್ನಿ ಅಂತ ನನಗೂ ಕಾಣತೈತಿ. ಯಾತಕ್ಕ ಅಂತ ಕೇಳಿದೆ. ಕಿತ್ತೂರ ಕೋಟಿ ಕಾಯಾಕ ನಿಲ್ಲಸ್ತೀಯೇನು?"

ನಮ್ಮ ಅತ್ತೆ ಗಟ್ಟಿ ಹೆಂಗಸು. ಮಾತು ಕಡಿಮೆ, ಆದರೆ ಆಡಿದ ಒಂದೊಂದು ಮಾತೂ ಚಿವುಟಿದಂತೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮಿಬ್ಬರ ನಡುವೆ ಸಿಕ್ಕ ಗಂಡ ಮೆಲ್ಲಗೆ ಮಗ್ಗದ ಕುಣಿಗೆ ಇಳಿದು ಲಾಳಿ ಓಡಿಸತೊಡಗಿದರು. ಜಗಳ ಎಲ್ಲಿಗೆ ಬಂತೆಂಬುದು ಆ ಲಾಳಿಯ ಸದ್ದಿನ ಮೇಲೆಯೇ ಓಣಿಗೆಲ್ಲ ಗೊತ್ತಾಗುತ್ತಿತ್ತು.

ನಾಯಿ ಎಂದರೆ ಅತ್ತೆಗೆ ಹೇಸಿಗೆ ಅಂತಲ್ಲ. ನೇಕಾರರ ಮನೆಗೂ ನಾಯಿಗೂ ಆಗಿಬರುವುದಿಲ್ಲ ಅಂತ. ಸೀರೆಯ ಉದ್ದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮೊಳಕಾಲೆತ್ತರಕ್ಕೆ ಬಿಗಿದು ಕಟ್ಟಿ, ಮೈಗೆಲ್ಲ ಗಂಜಿ ಹಚ್ಚಿ, ಎರಡೂ ಕಡೆ ಜನ ನಿಂತು ಕುಂಚದಿಂದ ತೀಡಬೇಕು. ಬಿಸಿಲೇರುವುದರೊಳಗೆ ಎಳೆಗೆ ಎಳೆ ಅಂಟದಂತೆ ಆರಬೇಕು. ಒಂದು ಮನೆಯ ಹಾಸು ಬಿದ್ದಿತೆಂದರೆ ಓಣಿಯ ಎಲ್ಲ ಮನೆಗಳಿಂದ ಕೈಗಳು ಬರುತ್ತವೆ. ಹಸಿ ಹಾಸಿನಲ್ಲಿ ಒಂದು ಆಡು ನುಗ್ಗಿದರೂ ವಾರದ ದುಡಿಮೆ ಮಣ್ಣುಪಾಲು. ಹೀಗಾಗಿ ನಮ್ಮ ಓಣಿಯಲ್ಲಿ ನಾಲ್ಕು ಕಾಲಿನ ಯಾವುದಕ್ಕೂ ಮರ್ಯಾದೆ ಇರಲಿಲ್ಲ.

"ಹಿತ್ತಲದಾಗ ಕಟ್ಟು. ಮೈ ಆರಾಮ ಆಗೂತನಕ ಅಷ್ಟ" ಎಂದರು ಅತ್ತೆ.

ನಾಯಿಯ ವಿಷಯ ನನಗೆ ಗೊತ್ತು ಎಂಬ ಜಂಬ ನನಗಿತ್ತು. ತವರಿನ ಹೊಲದಲ್ಲಿ ನಾಯಿಗಳಿದ್ದವು. ಆದರೆ ಅವು ಹೊಲದ ನಾಯಿಗಳು. ರೊಟ್ಟಿ ಎಸೆದರೆ ತಿನ್ನುತ್ತಿದ್ದವು, ಬೈದರೆ ದೂರ ಹೋಗುತ್ತಿದ್ದವು. ಇದರ ರೀತಿಯೇ ಬೇರೆ. ಬೈದರೆ ಕುಳಿತು ಪೂರ್ತಿ ಕೇಳುತ್ತಿತ್ತು. ಬೈದು ಮುಗಿಸಿದ ಮೇಲೆ ಎದ್ದು ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಬೇವಿನ ಎಲೆ ಕುದಿಸಿದ ನೀರಿನಿಂದ ಮೈ ತೊಳೆದು ಅರಿಷಿಣ ಕಲಸಿದ ಎಣ್ಣೆ ಹಚ್ಚುವಾಗ ಉರಿಗೆ ನಡುಗುತ್ತಿತ್ತು, ಒಮ್ಮೆಯೂ ಹಲ್ಲು ತೋರಿಸಲಿಲ್ಲ. ಅರಿಷಿಣ ಬಳಿದ ಅದನ್ನು ನೋಡಿ ಬದಿಮನೆಯ ಅಜ್ಜಿ, "ಮದುಮಗನ್ನ ಯಾವಾಗ ಹಸಿಮಣಿ ಏರಸ್ತೀರಿ?" ಎಂದು ಕೇಳಿದರು. ನಗು ಬಂದರೂ ಒಳಗೊಳಗೆ ನನಗೆ ಹೆದರಿಕೆ. ಅದು ಏನು ತಿಂದರೂ ಕಕ್ಕುತ್ತಿತ್ತು. ರೊಟ್ಟಿ ಕಕ್ಕಿತು, ನುಚ್ಚು ಕಕ್ಕಿತು, ಮಜ್ಜಿಗೆಯೂ ದಕ್ಕಲಿಲ್ಲ. ಉಂಡಿಯನ್ನು ಯಾಕೆ ಬಿಟ್ಟಿತೆಂದು ಆಗ ತಿಳಿಯಿತು.

ಅದಕ್ಕೆ ದಕ್ಕಿದ್ದು ಒಂದೇ, ಅತ್ತೆ ಹಾಸಿನ ಎಳೆಗಳಿಗೆಂದು ಕುದಿಸುತ್ತಿದ್ದ ಗಂಜಿ. ಅತ್ತೆಯ ಗಂಜಿ ಓಣಿಯಲ್ಲೇ ಹೆಸರಾದದ್ದು. ಜೋಳದ ಹಿಟ್ಟನ್ನು ರಾತ್ರಿ ನೆನೆಸಿ, ಸೋಸಿ, ಹದವಾಗಿ ಕುದಿಸಿ, ಮೇಲೊಂದಿಷ್ಟು ಶೇಂಗಾ ಎಣ್ಣೆ ಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಗಡಿಗೆಯ ತಳದಲ್ಲಿ ಉಳಿದದ್ದನ್ನು ಕೆರೆದು ಊಟದ ಹಳೆಯ ಒಡೆದ ಪರಿಯಾಣದಲ್ಲಿ ಹಾಕಿಟ್ಟೆ. ಕುನ್ನಿ ನೆಕ್ಕಿತು, ಮತ್ತೆ ನೆಕ್ಕಿತು, ಮಲಗಿ ನಿದ್ದೆ ಮಾಡಿತು. ಕಕ್ಕಲಿಲ್ಲ. ಅವತ್ತು ಹಿತ್ತಲಲ್ಲಿ ನಾನೊಬ್ಬಳೇ ಕುಳಿತು ಗಳಗಳ ಅತ್ತುಬಿಟ್ಟೆ, ಖುಷಿಗೆ. ಅಂದಿನಿಂದ ಅದಕ್ಕೆ ದಿನವೂ ಗಂಜಿ. ನಮ್ಮ ಮನೆಯಲ್ಲಿ ಇಲ್ಲದ ದಿನ ಬದಿಮನೆಯ ಅಜ್ಜಿ ತಮ್ಮ ಗಡಿಗೆ ಕೆರೆದು ಕೊಡುತ್ತಿದ್ದರು. ಮೈ ತುಂಬಿತು, ಕೂದಲು ಬಂತು, ಬೂದಿ ಬಣ್ಣ ಹೊಳೆಯತೊಡಗಿತು. ಬೇರೆ ಯಾವ ಊರಿನಲ್ಲಾದರೂ ಇದು ಒಳ್ಳೆಯ ಔಷಧಿಯೇ. ನೇಕಾರರ ಓಣಿಯಲ್ಲಿ ನಾಯಿಗೆ ಗಂಜಿಯ ರುಚಿ ಹತ್ತಿಸುವುದೆಂದರೆ ಏನೆಂದು ಮಾತ್ರ ನನಗಾಗಲಿ ಆ ಅಜ್ಜಿಗಾಗಲಿ ಹೊಳೆಯಲೇ ಇಲ್ಲ.

ಹೊಳೆದದ್ದು ನಮ್ಮದೇ ಹಾಸು ಬಿದ್ದ ದಿನ. ಎಲ್ಲರೂ ಆ ತುದಿಯಲ್ಲಿ ಕುಂಚ ಎಳೆಯುತ್ತಿದ್ದಾಗ ಹಗ್ಗ ಹರಿದುಕೊಂಡು ಬಂದ ಕುನ್ನಿ ಈ ತುದಿಯಲ್ಲಿ ಊಟಕ್ಕೆ ನಿಂತಿತ್ತು. ಕಾಲು ಗಿಡ್ಡವಾದರೇನು, ಕತ್ತು ಚಾಚಿದರೆ ಮೂತಿ ಎಳೆಗೆ ನಿಲುಕುತ್ತಿತ್ತು. ನಾವು ನೋಡುವಷ್ಟರಲ್ಲಿ ಒಂದು ಮಾರಿನಷ್ಟು ಹಾಸು ಮುದ್ದೆಯಾಗಿತ್ತು. ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುವುದರಲ್ಲಿ ಆ ದಿನವೆಲ್ಲ ಹೋಯಿತು. ಅತ್ತೆ ಗಂಟು ಹಾಕುತ್ತಲೇ, ತಲೆ ಎತ್ತದೆ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಈ ಕುನ್ನಿ ಯಾರರ ಕೇಳಿದರ ಕೊಟ್ಟಬಿಡತೇನಿ. ಕಟಕೋಳದವ್ರು ಬರಲಿ, ಉಗರಗೋಳದವ್ರು ಬರಲಿ. ಮೊದಲ ಕೇಳಿದವ್ರಿಗೆ."

ನನಗೆ ತಡೆಯಲಾಗಲಿಲ್ಲ. "ಗಂಜಿ ಅಷ್ಟು ರುಚಿ ಮಾಡಿದವರು ನೀವರಿ. ಬರೇ ನೆಕ್ಕಿದ್ದಕ್ಕ ಅದನ್ಯಾಕ ಬೈತೀರಿ?" ಎಂದುಬಿಟ್ಟೆ.

ಆಗಲೇ ಮಗ್ಗದ ಕುಣಿ ಸೇರಿದ್ದ ಗಂಡನ ಲಾಳಿಯ ಸದ್ದು ನಿಂತಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ಮುಖದಲ್ಲಿ ನಗು ಸುಳಿದಂತೆ ಕಂಡಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊಡುತ್ತೇನೆ ಎಂದರೆ ಅವರು ಕೊಡುವವರೇ. ಅಂಥ ಗಿಡ್ಡ ಕಾಲಿನ ಪ್ರಾಣಿಯನ್ನು ಸದ್ಯಕ್ಕೆ ಯಾರೂ ಕೇಳಲಾರರು ಎಂಬುದೊಂದೇ ನನ್ನ ಧೈರ್ಯ. ಯಾರಾದರೂ ಕೇಳುವ ಮೊದಲು ಇದು ಈ ಮನೆಗೆ ಬೇಕಾದದ್ದು ಎಂದು ಅತ್ತೆಗೆ ಅನ್ನಿಸಬೇಕು. ಗಂಜಿಯ ರುಚಿ ಬಿಡಿಸುವುದಂತೂ ಆಗದ ಮಾತು. ಹಾಸಿನ ಗಂಜಿ ಬೇರೆ, ಪರಿಯಾಣದ ಗಂಜಿ ಬೇರೆ ಎಂದು ತಿಳಿಸಬಹುದೇ ಎಂದು ಯೋಚಿಸಿದೆ.

ಹಿತ್ತಲಲ್ಲಿ ಎರಡು ಗೂಟ ಹುಗಿದು ಹಳೆಯ ನೂಲನ್ನು ಹಾಸಿನಷ್ಟೇ ಎತ್ತರಕ್ಕೆ ಕಟ್ಟಿ ಗಂಜಿ ಬಳಿದೆ. ಪಕ್ಕದಲ್ಲೇ ಖಾಲಿ ಪರಿಯಾಣ. ಕುನ್ನಿ ನೂಲಿಗೆ ಮೂತಿ ಎತ್ತಿದರೆ, "ಹೂಂ, ಅದು ಮಗ್ಗದ್ದು" ಎಂದು ಗದರುವುದು. ಸುಮ್ಮನೆ ಕುಳಿತರೆ, ನೂಲು ಒಣಗಿದ ಮೇಲೆ ಪರಿಯಾಣ ತುಂಬುವುದು. ಮೊದಮೊದಲು ನಾನು ಬೆನ್ನು ತಿರುಗಿಸಿದ ಕೂಡಲೇ ನೆಕ್ಕುತ್ತಿತ್ತು. ನೆಕ್ಕಿದ ದಿನ ಪರಿಯಾಣ ಖಾಲಿಯೇ ಉಳಿಯುತ್ತಿತ್ತು. ಅದು ಪರಿಯಾಣ ನೋಡುವುದು, ನನ್ನ ಮುಖ ನೋಡುವುದು. ನಾನು ಹಲ್ಲು ಕಚ್ಚಿ ಕೂಡುತ್ತಿದ್ದೆ. ದಸರೆ ಬರುವಷ್ಟರಲ್ಲಿ ನಾನು ಒಳಗೆ ಹೋಗಿ ರೊಟ್ಟಿ ಬಡಿದು ಬಂದರೂ ಕುನ್ನಿ ಒಂದು ಎಳೆಯನ್ನೂ ಮುಟ್ಟದೆ ಕಾಯುವಂತಾಯಿತು. ಕಾಯುವುದಷ್ಟೇ ಅಲ್ಲ, ಆ ನೂಲು ತನ್ನದೇ ಎಂಬಂತೆ ಕಾಗೆ, ಕೋಳಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆಚೆಗೆ ಹೋಗಬೇಕಾದರೆ ಹೊಟ್ಟೆ ನೆಲಕ್ಕೆ ಹಚ್ಚಿ ನೂಲಿನ ಕೆಳಗೇ ಸುಳಿದು ಹೋಗುತ್ತಿತ್ತು. ಎಲ್ಲರೂ ನಕ್ಕ ಕಾಲುಗಳು ಇದಕ್ಕೇ ಹೇಳಿ ಮಾಡಿಸಿದಂತಿದ್ದವು. ಅತ್ತೆ ನೀರು ಸೇದುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದರು.

ದೀಪಾವಳಿ ಕಳೆದು ಲಗ್ನದ ಸೀರೆಗಳ ಹಾಸು ಬಿದ್ದಿತು. ಒಂದೇ ಮನೆತನಕ್ಕೆ ಸೇರಿದ ಸೀರೆಗಳು, ಒಂದಕ್ಕೆ ಕುಂದು ಬಂದರೂ ಹೆಸರು ಕೆಡುವಂಥ ಕೆಲಸ. ಕುನ್ನಿಯನ್ನು ಕಟ್ಟಿಹಾಕಬೇಕೆಂದು ಅತ್ತೆ ಎರಡೆರಡು ಸಲ ಹೇಳಿದ್ದರು. ನಾನು ಜಗುಲಿಯ ಕಂಬಕ್ಕೆ ಕಟ್ಟಿದ್ದೆ. ಗಂಜಿ ಹಚ್ಚಿ ಮುಗಿದು ಹಾಸಿನ ಅರ್ಧ ಭಾಗಕ್ಕೆ ಕುಂಚ ಬಿದ್ದಿತ್ತು. ಓಣಿಯ ಆಚೆ ಬಾಯಿಗೆ ಅಡ್ಡ ಇಟ್ಟಿದ್ದ ಬಿದಿರ ಗಳವನ್ನು ಚಕ್ಕಡಿಯವನೊಬ್ಬ ಸರಿಸಿ ಹಾಗೇ ಬಿಟ್ಟು ಹೋಗಿದ್ದನಂತೆ. ನಮಗೆ ಗೊತ್ತಿರಲಿಲ್ಲ. ಧೂಳು ಎದ್ದದ್ದು ಕಂಡಿತು, ಆಮೇಲೆ ಗಂಟೆಯ ಸದ್ದು, ಆಮೇಲೆ ಕುರಿಗಳು. ಬಯಲಿಗೆ ಹೊಡೆದುಕೊಂಡು ಹೊರಟ ಇಡೀ ಹಿಂಡು ದಾರಿ ತಪ್ಪಿ ನಮ್ಮ ಓಣಿಗೆ ಬಾಯಿ ಹಾಕಿತ್ತು. ಕುರುಬ ಎಲ್ಲೋ ಹಿಂದೆ ಕೂಗುತ್ತಿದ್ದ. ಎರಡೂ ಬದಿಯಲ್ಲಿ ಕುಂಚ ಹಿಡಿದು ನಿಂತವರು ಕದಲುವ ಹಾಗಿರಲಿಲ್ಲ. ಕೈ ಬಿಟ್ಟರೆ ಹಸಿ ಎಳೆಗಳು ಅಂಟಿ ಹೋಗುತ್ತಿದ್ದವು. ಅತ್ತೆಯ ಮುಖದ ನೆತ್ತರು ಇಳಿಯಿತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಹಗ್ಗ ಬಿಚ್ಚಿದವಳು ನಾನು. ಅದು ಕುರಿಯ ಕಡೆಗೆ ಹೋಗದೆ ಹಸಿ ಗಂಜಿಯ ಕಡೆಗೆ ಹೋದರೆ ಹಾಸೂ ಹೋಯಿತು, ಕುನ್ನಿಯೂ ಹೋಯಿತು. "ಬ್ಯಾಡ" ಎಂದು ಗಂಡ ಮೊದಲ ಬಾರಿಗೆ ದನಿ ಎತ್ತಿದರು. ಅಷ್ಟರಲ್ಲಿ ಅದು ಹಾರಿಯಾಗಿತ್ತು.

ಓಣಿಯ ಬದಿಗಳಲ್ಲಿ ಜನ ನಿಂತು ದಾರಿ ಕಟ್ಟಿತ್ತು. ಉಳಿದದ್ದು ಹಾಸಿನ ಕೆಳಗಿನ ದಾರಿ ಮಾತ್ರ. ಕುನ್ನಿ ಕತ್ತು ತಗ್ಗಿಸಿ ಅದರ ಕೆಳಗೆ ಹೊಕ್ಕಿತು. ಈ ತುದಿಯಿಂದ ಆ ತುದಿಗೆ ಬಾಣದ ಹಾಗೆ ಹೋಯಿತು. ತಲೆಯ ಮೇಲೆಲ್ಲ ಎಣ್ಣೆ ವಾಸನೆಯ ಹಸಿ ಗಂಜಿ, ಅದು ಮೂತಿ ಎತ್ತಲಿಲ್ಲ. ಒಂದು ಎಳೆಯೂ ಅಲುಗಲಿಲ್ಲ. ಆಚೆ ಹೊರಬಿದ್ದು, ಗಂಟೆ ಕಟ್ಟಿದ ಟಗರಿನ ಮುಂದೆ ನಾಲ್ಕೂ ಕಾಲು ಊರಿ ನಿಂತು ಬೊಗಳಿತು ನೋಡಿ, ಆ ದನಿ ಅದರ ಮೈಯೊಳಗೆ ಎಲ್ಲಿತ್ತೋ. ಮುಂದಿನಿಂದ ನೋಡಿದವರು ಹೆದರಬೇಕು ಎಂದೆನಲ್ಲ, ಟಗರು ಮುಂದಿನಿಂದಲೇ ನೋಡಿತು. ಕೊಂಬು ತಗ್ಗಿಸಿತು, ಒಂದು ಹೆಜ್ಜೆ ಇಟ್ಟಿತು, ಕುನ್ನಿ ಅದರ ಮೂಗಿನ ತನಕ ನುಗ್ಗಿತು. ಟಗರು ಪಕ್ಕದ ಸಂದಿಗೆ ತಿರುಗಿತು. ಟಗರು ತಿರುಗಿದ ಮೇಲೆ ಕೇಳಬೇಕೇ, ಇಡೀ ಹಿಂಡು ಒಂದರ ಹಿಂದೊಂದು ಸಂದಿಯೊಳಗೆ ಹರಿದು ಹೋಯಿತು. ಕೊನೆಯ ಮರಿ ಹೋಗುವವರೆಗೂ ಕುನ್ನಿ ಅಲ್ಲೇ ನಿಂತು ಬೊಗಳಿತು. ಆಮೇಲೆ ಬಂದ ದಾರಿಯಲ್ಲೇ ಹಾಸಿನ ಕೆಳಗೆ ತೂರಿ ಬಂದು ನನ್ನ ಪಾದದ ಬಳಿ ಕುಳಿತು ಏದುಸಿರು ಬಿಟ್ಟಿತು.

ಹಾಸು ಪೂರ್ತಿ ತೀಡಿ ಮುಗಿಯುವವರೆಗೆ ಯಾರಿಗೂ ಮಾತಾಡುವ ಪುರುಸೊತ್ತು ಇರಲಿಲ್ಲ. ಅತ್ತೆ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನಡೆದು ಎಳೆಗಳನ್ನು ನೋಡಿದರು. ಹಿಂದಿರುಗಿ ಬಂದವರ ಕಣ್ಣು ಒದ್ದೆಯಾಗಿದ್ದವು. ಹೊಗೆ ತಾಗಿತು ಎಂದು ಸೆರಗಿನಿಂದ ಒರೆಸಿಕೊಂಡರು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಅಷ್ಟರಲ್ಲಿ ಹಿಂಡನ್ನು ಬಯಲಿಗೆ ಮುಟ್ಟಿಸಿ ಕುರುಬ ಬಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಕುನ್ನಿಯ ಸುತ್ತ ಒಂದು ಸುತ್ತು ಬಂದು ನೋಡಿದ.

"ತಪ್ಪಾತ್ರಿ ಯವ್ವಾ. ಆದರ ಒಂದು ಮಾತು, ನಮ್ಮ ಟಗರಿಗೆ ಎದುರ ನಿಂತ ನಾಯಿನ ನಾ ಕಂಡಿಲ್ಲ. ನನಗ ಕೊಟ್ಟಬಿಡ್ರಿ. ಹಾಲು ಹಾಕಿ ಸಾಕತೇನಿ."

ಯಾರೂ ಕೇಳಲಾರರು ಎಂಬ ಧೈರ್ಯದ ಮೇಲೆ ಇಷ್ಟು ದಿನ ಇದ್ದವಳು ನಾನು. ಕೇಳುವ ಹಾಗೆ ಮಾಡಿದವಳೂ ನಾನೇ. ಬದಿಮನೆಯ ಅಜ್ಜಿ ಸುಮ್ಮನಿರಬಾರದೇ, "ಮೊದಲ ಕೇಳಿದವ್ರಿಗೆ ಕೊಡತೇನಿ ಅಂದಿದ್ರೆಲ್ಲ" ಎಂದು ಎಲ್ಲರ ಎದುರು ಅತ್ತೆಗೆ ನೆನಪು ಮಾಡಿಕೊಟ್ಟರು. ಅತ್ತೆ ಆಡಿದ ಮಾತು ತಪ್ಪಿದ್ದನ್ನು ಆ ಓಣಿ ಕಂಡಿರಲಿಲ್ಲ. ನಾನು ಕುನ್ನಿಯ ಕತ್ತಿನ ಸುತ್ತ ಕೈ ಹಾಕಿಕೊಂಡು ಕುಳಿತುಬಿಟ್ಟೆ. ಬಿಡಿಸಿಕೊಂಡು ಹೋಗಲಿ ನೋಡೋಣ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತಿದ್ದೆ.

ಅತ್ತೆ ಕೈಗೆ ಅಂಟಿದ ಗಂಜಿಯನ್ನು ನಿಧಾನವಾಗಿ ತೊಳೆದುಕೊಂಡರು.

"ಹೌದು, ಅಂದಿದ್ದೆ" ಎಂದರು. "ಅವಾಗ ಅದು ನನ್ನ ಸೊಸಿ ಕುನ್ನಿ ಇತ್ತು. ಈಗ ನಂದೈತಿ. ನಂದು ನಾ ಯಾರಿಗೂ ಕೊಡೂದಿಲ್ಲ."

ಓಣಿಯೆಲ್ಲ ಹೋ ಎಂದು ನಕ್ಕಿತು. ಕುರುಬನೂ ನಕ್ಕ. ನಾನು ಸಾಕಿ, ತೊಳೆದು, ಕಲಿಸಿದ ನಾಯಿಯನ್ನು ಅತ್ತೆ ನನ್ನ ಕಣ್ಣೆದುರೇ, ಒಂದೇ ಮಾತಿನಲ್ಲಿ ತಮ್ಮದು ಮಾಡಿಕೊಂಡರು. ಅಷ್ಟು ಖುಷಿಯಿಂದ ನಾನು ಬೇರೆ ಯಾವುದನ್ನೂ ಬಿಟ್ಟುಕೊಟ್ಟಿಲ್ಲ.